ಬಾದಾಮಿ–ಐಹೊಳೆ ಪರಿಸರದ ಅಶ್ವಸಂಸ್ಕೃತಿ ಮತ್ತು ಕುದುರೆಮರಿಯ ಆರೈಕೆ: ಒಂದು ಐತಿಹಾಸಿಕ ವಿವೇಚನೆ

ಕರ್ನಾಟಕದ ಪ್ರಾಚೀನ ಹಾಗೂ ಮಧ್ಯಕಾಲೀನ ಇತಿಹಾಸವನ್ನು ಕುರಿತ ಅಧ್ಯಯನಗಳಲ್ಲಿ ಕುದುರೆಯು ಮುಖ್ಯವಾಗಿ ಎರಡು ನೆಲೆಗಳಲ್ಲಿ ಪ್ರಸ್ತಾಪಗೊಂಡಿದೆ. ಒಂದು, ಚತುರಂಗ ಬಲದ ಅಂಗವಾಗಿ. ಇನ್ನೊಂದು, ಸಾಗರೋತ್ತರ ವ್ಯಾಪಾರದ ಬೆಲೆಬಾಳುವ ಸರಕಾಗಿ. ಈ ಎರಡೂ ಸಂದರ್ಭಗಳಲ್ಲಿ ನಮ್ಮ ಕಣ್ಣಿಗೆ ಬೀಳುವುದು ಪೂರ್ಣವಾಗಿ ಬೆಳೆದ, ಜೀನು ಹೊತ್ತು ನಿಂತ ಕುದುರೆ. ಅದು ಹುಟ್ಟಿದ್ದು ಎಲ್ಲಿ, ಮರಿಯಾಗಿದ್ದಾಗ ಕಾಯಿಲೆ ಬಿದ್ದರೆ ನೋಡಿಕೊಂಡವರು ಯಾರು, ಯಾವ ತಿಳಿವಳಿಕೆಯ ಬಲದಿಂದ ಅದನ್ನು ಉಳಿಸಿಕೊಂಡರು ಎಂಬ ಪ್ರಶ್ನೆಗಳು ಚರ್ಚೆಗೆ ಬಂದಿರುವುದು ವಿರಳ. ಇಂದಿನ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ಲ ಪರಿಸರವನ್ನು ಕೇಂದ್ರವಾಗಿರಿಸಿಕೊಂಡು, ಶಾಸನ, ಶಾಸ್ತ್ರಗ್ರಂಥ ಮತ್ತು ಪ್ರವಾಸಿಗರ ಬರಹಗಳ ನೆರವಿನಿಂದ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಶಾಸನಗಳಲ್ಲಿ ಕುದುರೆ

ಈ ಪರಿಸರದ ರಾಜಕೀಯ ಚರಿತ್ರೆಯ ಆರಂಭವೇ ಕುದುರೆಯೊಂದಿಗೆ ಬೆಸೆದುಕೊಂಡಿದೆ. ಬಾದಾಮಿಯ ಬಂಡೆಯ ಮೇಲಿರುವ, ಶಕವರ್ಷ 465ರ (ಕ್ರಿ.ಶ. 543) ಶಾಸನವು ಕೋಟೆಯನ್ನು ಕಟ್ಟಿಸಿದ ಒಂದನೆಯ ಪುಲಕೇಶಿಯನ್ನು ಅಶ್ವಮೇಧವೇ ಮೊದಲಾದ ಯಜ್ಞಗಳನ್ನು ಮಾಡಿದವನೆಂದು ವರ್ಣಿಸುತ್ತದೆ. ಇಲ್ಲಿ ಕುದುರೆಯು ಸಾರ್ವಭೌಮತ್ವದ ಸಂಕೇತ.

ಇದಕ್ಕಿಂತ ಕುತೂಹಲಕರವಾದ ಉಲ್ಲೇಖವು ಮುಂದಿನ ಶತಮಾನದಲ್ಲಿ ದೊರೆಯುತ್ತದೆ. ಕ್ರಿ.ಶ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ವಶಪಡಿಸಿಕೊಂಡನು. ತೆಗ್ಗಿನ ಇರಪ್ಪ ಗುಡಿಯ ಹಿಂಬದಿಯ ಬಂಡೆಯ ಮೇಲಿನ ಅವನ ಶಾಸನ ಇದಕ್ಕೆ ಸಾಕ್ಷಿ. ಹನ್ನೆರಡು ಹದಿಮೂರು ವರ್ಷಗಳ ಅನಂತರ, 655ರ ಹೊತ್ತಿಗೆ, ಒಂದನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮರಳಿ ಗಳಿಸಿದನು. ಅವನ ಹಾಗೂ ಅವನ ವಂಶಜರ ತಾಮ್ರಪಟಗಳು ಈ ವಿಜಯವನ್ನು ವರ್ಣಿಸುವಾಗ, ಅರಸನಿಗೆ ನೆರವಾದುದು ಚಿತ್ರಕಂಠವೆಂಬ ಒಂದೇ ಒಂದು ಶ್ರೇಷ್ಠ ಕುದುರೆ ಎಂದು ಹೇಳುತ್ತವೆ. ಎದುರಾಳಿ ಪಲ್ಲವರ ಕೂರಂ ತಾಮ್ರಪಟಗಳೂ ಪರಮೇಶ್ವರವರ್ಮನ ಕುದುರೆಯನ್ನು ಅತಿಶಯವೆಂಬ ಹೆಸರಿನಿಂದಲೇ ಸ್ಮರಿಸುತ್ತವೆ. ಎರಡು ರಾಜಮನೆತನಗಳ ಹಗೆತನದ ದಾಖಲೆಯಲ್ಲಿ ಎರಡು ಕುದುರೆಗಳ ಹೆಸರು ಉಳಿದುಕೊಂಡಿರುವುದು ಗಮನಾರ್ಹ ಸಂಗತಿ.

ಪ್ರಾಣಿಗಳನ್ನು ಹೆಸರಿಸಿ ಗೌರವಿಸುವುದು ಕನ್ನಡ ನಾಡಿಗೆ ಹೊಸದಲ್ಲ. ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನು ನೆನೆಯುವ ಹತ್ತನೆಯ ಶತಮಾನದ ಆತಕೂರು ಶಾಸನ ಪ್ರಸಿದ್ಧವಾದುದು. ಆದರೆ ಚಿತ್ರಕಂಠವನ್ನು ಸಾಕಿದವರ ಹೆಸರನ್ನು ತಾಮ್ರಪಟಗಳು ಹೇಳುವುದಿಲ್ಲ. ನಂತರದ ಕಾಲದ ಕನ್ನಡ ಶಾಸನಗಳಲ್ಲಿ ಸಾಹಣಿ, ಮಹಾಸಾಹಣಿ ಎಂಬ ಅಧಿಕಾರಿಗಳು ಬರುತ್ತಾರೆ. ಇವರು ಅರಸನ ಅಶ್ವದಳದ ಮೇಲ್ವಿಚಾರಕರು. ಹಲವೊಮ್ಮೆ ದತ್ತಿ ನೀಡಬಲ್ಲ ಸ್ಥಿತಿವಂತರು. ಲಾಯದಲ್ಲಿ ರಾತ್ರಿ ಕಳೆದು ಈದ ಕುದುರೆಯನ್ನೂ ಮರಿಯನ್ನೂ ನೋಡಿಕೊಂಡ ಆಳುಗಳು ಇವರ ಹಿಂದೆ ಮರೆಯಾಗಿದ್ದಾರೆ.

ಆಮದಿನ ಅವಲಂಬನೆ

ಹುನಗುಂದ ತಾಲ್ಲೂಕಿನ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತದ ಅತಿ ದೊಡ್ಡ ವಣಿಕ ಸಂಘಗಳಲ್ಲೊಂದು. ಇವರ ಪ್ರಶಸ್ತಿಯನ್ನು ಒಳಗೊಂಡ ಶಿಕಾರಿಪುರದ ಹನ್ನೊಂದನೆಯ ಶತಮಾನದ ಶಾಸನವು ಅವರು ವ್ಯವಹರಿಸುತ್ತಿದ್ದ ಸರಕುಗಳ ಪಟ್ಟಿಯಲ್ಲಿ ಆನೆ ಹಾಗೂ ರತ್ನಗಳೊಂದಿಗೆ ಕುದುರೆಯನ್ನೂ ಸೇರಿಸುತ್ತದೆ. ಹೀಗೆ ಮಲಪ್ರಭೆಯ ದಡದ ಊರೊಂದರ ಹೆಸರು ಕುದುರೆ ವ್ಯಾಪಾರದ ಇತಿಹಾಸದಲ್ಲಿ ಸೇರಿಹೋಗಿದೆ.

ಈ ವ್ಯಾಪಾರದ ಪ್ರಮಾಣವನ್ನು ವಿದೇಶಿ ಪ್ರವಾಸಿಗರು ದಾಖಲಿಸಿದ್ದಾರೆ. ವಿಜಯನಗರ ಕುರಿತು ಬರೆದ ಪೋರ್ಚುಗೀಸ್ ವರ್ತಕ ಫೆರ್ನಾವೊ ನುನಿಜನ ಪ್ರಕಾರ ಅರಸನು ಪ್ರತಿವರ್ಷ 13,000 ಕುದುರೆಗಳನ್ನು ಕೊಳ್ಳುತ್ತಿದ್ದನು. ಅವುಗಳಲ್ಲಿ ಹೊರ್ಮುಜಿನಿಂದ ಬಂದವುಗಳೊಡನೆ ನಾಡಿನಲ್ಲೇ ಹುಟ್ಟಿದವೂ ಇದ್ದವು. ಸಾಳುವ ನರಸಿಂಹನ ಕಾಲದಲ್ಲಿ ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ವರ್ತಕರಿಗೆ ಬೆಲೆ ಸಂದಾಯವಾಗುತ್ತಿತ್ತು ಎಂದೂ ಆತ ಬರೆಯುತ್ತಾನೆ. ಸತ್ತ ಕುದುರೆಗೂ ಬೊಕ್ಕಸದಿಂದ ಹಣ ತೆರುವಷ್ಟು ಅಗತ್ಯವಿದ್ದ ಒಂದು ವ್ಯವಸ್ಥೆಯಲ್ಲಿ, ನಾಡಿನ ಲಾಯದಲ್ಲೇ ಹುಟ್ಟಿದ ಪ್ರತಿಯೊಂದು ಮರಿಯ ಜೀವಕ್ಕೂ ಎಷ್ಟು ಬೆಲೆಯಿದ್ದಿರಬೇಕೆಂಬುದನ್ನು ಊಹಿಸಬಹುದು.

ಇಲ್ಲಿ ಮಾರ್ಕೊ ಪೋಲೊನ ಮಾತನ್ನು ಪರಿಶೀಲಿಸುವುದು ಅವಶ್ಯಕ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಈತನು, ಅಲ್ಲಿ ಕುದುರೆಗಳು ಆರೈಕೆ ತಿಳಿಯದವರ ಕೈಯಲ್ಲಿ ಸಾಯುತ್ತವೆ, ಅವುಗಳಿಗೆ ಅನ್ನದೊಡನೆ ಬೇಯಿಸಿದ ಮಾಂಸ ತಿನ್ನಿಸುತ್ತಾರೆ, ಉತ್ತಮ ತಳಿಯ ಗಂಡು ಹೆಣ್ಣುಗಳಿಗೂ ಸೊಟ್ಟ ಕಾಲಿನ, ಸವಾರಿಗೆ ಒದಗದ ಮರಿಯೇ ಹುಟ್ಟುತ್ತದೆ ಎಂದು ಹೇಳುತ್ತಾನೆ. ಅರಬ್ ನಾಡಿನ ವರ್ತಕರು ಅಶ್ವವೈದ್ಯರು ಈ ಕಡೆಗೆ ಬಾರದಂತೆ ತಡೆಯುತ್ತಿದ್ದರೆಂಬುದು ಅವನ ಇನ್ನೊಂದು ಹೇಳಿಕೆ. ದಕ್ಷಿಣದಲ್ಲಿ ಅಶ್ವವೈದ್ಯದ ತಿಳಿವಳಿಕೆಯೇ ಇರಲಿಲ್ಲವೆಂಬ ಅಭಿಪ್ರಾಯಕ್ಕೆ ಈ ಬರಹ ಆಧಾರವಾಗಿದೆ. ಒಂದು ಕರಾವಳಿಯನ್ನು ಕುರಿತ ಈ ಮಾತನ್ನು ಇಡೀ ದಖನ್ನಿಗೆ ಅನ್ವಯಿಸಬಹುದೇ? ನಮ್ಮ ಶಾಸ್ತ್ರಗ್ರಂಥಗಳು ಬೇರೆಯದೇ ಚಿತ್ರವನ್ನು ಕೊಡುತ್ತವೆ.

ಕಿಶೋರನ ಆಹಾರಕ್ರಮ

ಕನ್ನಡದಲ್ಲಿ ಇಂದು ಎಳೆಯ ಹುಡುಗ ಎಂಬ ಅರ್ಥದಲ್ಲಿ ಬಳಕೆಯಾಗುವ ಕಿಶೋರ ಎಂಬ ಸಂಸ್ಕೃತ ಪದದ ಹಳೆಯ ಅರ್ಥ ಕುದುರೆಮರಿ. ಈ ಅರ್ಥದಲ್ಲಿ ಅದು ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣದಲ್ಲಿ ಬರುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಈ ಗ್ರಂಥವು ರಾಜ್ಯಾಡಳಿತದ ಶಾಸ್ತ್ರವೆಂದೇ ಪ್ರಸಿದ್ಧವಾಗಿದ್ದರೂ, ಅದರಲ್ಲಿ ಮರಿಯ ಪೋಷಣೆಗೆ ಸಿಕ್ಕಿರುವ ಸ್ಥಾನ ಆಶ್ಚರ್ಯಕರವಾದುದು.

ಅದರ ಪ್ರಕಾರ ಲಾಯದ ಲೆಕ್ಕಪತ್ರದಲ್ಲಿ ಕೊಂಡ ಕುದುರೆ, ಯುದ್ಧದಲ್ಲಿ ದೊರೆತ ಕುದುರೆಗಳಂತೆ ಲಾಯದಲ್ಲೇ ಹುಟ್ಟಿದ ಕುದುರೆಯನ್ನೂ ಪ್ರತ್ಯೇಕವಾಗಿ ನಮೂದಿಸಬೇಕು. ಹೆಣ್ಣು ಕುದುರೆ, ಬೀಜದ ಕುದುರೆ ಹಾಗೂ ಮರಿಗಳಿಗೆ ಬೇರೆಬೇರೆಯಾದ ಏಕಾಂತ ಸ್ಥಳಗಳಿರಬೇಕು. ಈದ ಕುದುರೆಗೆ ಮೂರು ರಾತ್ರಿ ಒಂದೊಂದು ಪ್ರಸ್ಥ ತುಪ್ಪ, ಅನಂತರ ಹತ್ತು ರಾತ್ರಿ ಒಂದು ಪ್ರಸ್ಥ ಹಿಟ್ಟು ಮತ್ತು ಎಣ್ಣೆ ಬೆರೆಸಿದ ಔಷಧಪಾನ, ಆಮೇಲೆ ಅರೆಬೆಂದ ಧಾನ್ಯ ಹಾಗೂ ಋತುವಿಗೆ ತಕ್ಕ ಹುಲ್ಲು. ಮರಿಗೆ ಹತ್ತು ರಾತ್ರಿ ಕಳೆದ ಮೇಲೆ ಒಂದು ಕುಡುಬ ಹಿಟ್ಟು, ಅದರ ಕಾಲುಭಾಗ ತುಪ್ಪ, ಒಂದು ಪ್ರಸ್ಥ ಹಾಲು. ಈ ಕ್ರಮ ಆರು ತಿಂಗಳವರೆಗೆ. ಅಲ್ಲಿಂದ ಮುಂದೆ ಒಂದು ಪ್ರಸ್ಥ ಜವೆಯಿಂದ ಆರಂಭಿಸಿ ತಿಂಗಳು ತಿಂಗಳಿಗೆ ಹೆಚ್ಚಿಸುತ್ತ ಮೂರು ವರ್ಷ; ನಾಲ್ಕನೆಯ ವರ್ಷದಲ್ಲಿ ಒಂದು ದ್ರೋಣ, ಅಂದರೆ ಹದಿನಾರು ಪ್ರಸ್ಥ. ನಾಲ್ಕು ಅಥವಾ ಐದು ವರ್ಷ ತುಂಬಿದ ಮೇಲಷ್ಟೇ ಕುದುರೆ ಕೆಲಸಕ್ಕೆ ಅರ್ಹ.

ವೈದ್ಯನ ಹೊಣೆಯನ್ನೂ ಗ್ರಂಥವು ಸ್ಪಷ್ಟಪಡಿಸುತ್ತದೆ. ಚಿಕಿತ್ಸೆ ಅಥವಾ ಔಷಧದ ಲೋಪದಿಂದ ರೋಗ ಉಲ್ಬಣಿಸಿದರೆ ಚಿಕಿತ್ಸೆಯ ವೆಚ್ಚದ ಎರಡರಷ್ಟು ದಂಡ. ಅದರಿಂದ ಪ್ರಾಣಿಯೇ ನಷ್ಟವಾದರೆ ಅದರ ಬೆಲೆಯಷ್ಟು ದಂಡ. ಮೇವು ಹಾಕುವವನು, ಆಹಾರ ಬೇಯಿಸುವವನು, ಕಟ್ಟುವವನು, ಲಾಯ ಕಾಯುವವನು, ವಿಷವೈದ್ಯ ಇವರೆಲ್ಲರ ಕೆಲಸವನ್ನು ಗೊತ್ತುಪಡಿಸಿ, ತಪ್ಪಿದವರಿಗೆ ಆ ದಿನದ ಕೂಲಿ ಕಡಿತವನ್ನು ವಿಧಿಸಲಾಗಿದೆ. ಶಾಸನಗಳಲ್ಲಿ ಮರೆಯಾದ ಲಾಯದ ಆಳುಗಳು ಇಲ್ಲಿ ಹೆಸರಿಲ್ಲದಿದ್ದರೂ ಕೆಲಸದ ಮೂಲಕ ಕಾಣಿಸಿಕೊಳ್ಳುತ್ತಾರೆ.

ಚಾಲುಕ್ಯರಿಂದ ಮೈಸೂರಿನವರೆಗೆ

ಇದೇ ಪರಂಪರೆಯು ಕರ್ನಾಟಕದಲ್ಲಿ ಮುಂದುವರಿದುದಕ್ಕೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ (1129) ಸಾಕ್ಷಿಯಾಗಿದೆ. ಇದರಲ್ಲಿ ವಿವಿಧ ದೇಶಗಳ ಕುದುರೆಗಳ ಲಕ್ಷಣ, ವಾಜಿವಾಹ್ಯಾಳಿ ವಿನೋದಗಳ ವಿವರಣೆಯೊಂದಿಗೆ ಸೈನ್ಯದ ಪ್ರಾಣಿಗಳ ಜ್ವರ, ಗಾಯ, ಉದರರೋಗಗಳಿಗೆ ಗಿಡಮೂಲಿಕೆಯ ಚಿಕಿತ್ಸೆಯೂ ಇದೆ. ಅದೇ ಮನೆತನದ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವನ್ನು ರಚಿಸಿದನು. ಸುಮಾರು 1400ರಲ್ಲಿದ್ದ ಅಭಿನವಚಂದ್ರನ ಅಶ್ವವೈದ್ಯ, ಹದಿನೇಳನೆಯ ಶತಮಾನದ ಪದ್ಮಣಪಂಡಿತನ ಹಯಸಾರಸಮುಚ್ಚಯಗಳು ಕುದುರೆಯ ವೈದ್ಯವನ್ನೇ ವಸ್ತುವಾಗಿ ಉಳ್ಳ ಕನ್ನಡ ಕೃತಿಗಳು. ಪಶುವೈದ್ಯವು ಸಂಸ್ಕೃತದಿಂದ ಕನ್ನಡಕ್ಕೆ ಬಂದುದು ಕೇವಲ ಪಾಂಡಿತ್ಯ ಪ್ರದರ್ಶನಕ್ಕಾಗಿ ಅಲ್ಲ. ಅದನ್ನು ಕಾರ್ಯರೂಪಕ್ಕೆ ತರುತ್ತಿದ್ದವರ ಭಾಷೆ ಕನ್ನಡವಾಗಿತ್ತು. ಹೀಗಿರುವಾಗ ಮಾರ್ಕೊ ಪೋಲೊನ ಮಾತನ್ನು ಕನ್ನಡ ನಾಡಿನ ಮಟ್ಟಿಗೆ ಒಪ್ಪುವುದು ಕಷ್ಟ.

ಕಾಯಿಲೆಯ ಮರಿ: ಇಂದಿನ ವೈದ್ಯವಿಜ್ಞಾನದ ಬೆಳಕಿನಲ್ಲಿ

ಶಾಸ್ತ್ರವು ಹತ್ತು ರಾತ್ರಿಯ ಗಡಿಯನ್ನು ಏಕೆ ಹಾಕಿತು ಎಂಬುದು ವಿಚಾರಾರ್ಹ. ಕುದುರೆಯ ಗರ್ಭಾವಧಿ ಸುಮಾರು ಹನ್ನೊಂದು ತಿಂಗಳು. ಆರೋಗ್ಯವಂತ ಮರಿ ಹುಟ್ಟಿದ ಒಂದು ಗಂಟೆಯೊಳಗೆ ಎದ್ದು ನಿಂತು, ಎರಡು ಗಂಟೆಯೊಳಗೆ ಮೊಲೆಯುಣ್ಣುತ್ತದೆ. ತಾಯಿಯ ರೋಗನಿರೋಧಕ ಅಂಶಗಳು ಗರ್ಭದಲ್ಲಿ ಮರಿಗೆ ದಾಟುವುದಿಲ್ಲ. ಅವು ಗಿಣ್ಣದ ಹಾಲಿನ ಮೂಲಕವೇ ದೊರೆಯಬೇಕು. ಅವುಗಳನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಇರುವುದು ಮೊದಲ ಒಂದು ದಿನ ಮಾತ್ರ. ಆ ಅವಧಿ ತಪ್ಪಿದರೆ ಹೊಕ್ಕುಳಿನ ಮೂಲಕ ಹೊಕ್ಕ ಸೋಂಕು ರಕ್ತಕ್ಕೆ ಸೇರಿ ಕೀಲುಗಳು ಊದಿಕೊಳ್ಳುತ್ತವೆ. ಮರಿ ಕಾಲೂರಲಾರದೆ ಮಲಗಿಬಿಡುತ್ತದೆ. ಒಂದರಿಂದ ಎರಡು ವಾರದ ನಡುವೆ ಬಹುತೇಕ ಮರಿಗಳಿಗೆ ಭೇದಿ ಕಾಣಿಸಿಕೊಳ್ಳುತ್ತದೆ. ಅದು ಸಾಮಾನ್ಯವಾಗಿ ತಾನಾಗಿ ನಿಲ್ಲುವಂತಹುದಾದರೂ ಮರಿ ಬಳಲಿದ್ದರೆ ಅಪಾಯ. ಮೊದಲ ಹತ್ತು ದಿನ ಮರಿಗೆ ತಾಯಿಯ ಹಾಲಲ್ಲದೆ ಬೇರೇನನ್ನೂ ವಿಧಿಸದೆ, ತಾಯಿಯನ್ನೇ ಪೋಷಿಸುವ ಪ್ರಾಚೀನ ಕ್ರಮವು ಈ ಅಪಾಯದ ಅವಧಿಯೊಡನೆ ಹೊಂದಿಕೊಳ್ಳುತ್ತದೆ. ಕಾರಣ ತಿಳಿಯದಿದ್ದರೂ ಅನುಭವದಿಂದ ಕಂಡುಕೊಂಡ ನಿಯಮವಿದು ಎಂದು ಭಾವಿಸಲು ಅವಕಾಶವಿದೆ.

ರೋಗದ ಮೊದಲ ಸೂಚನೆ ಮರಿಯಲ್ಲಿ ಕಾಣುವುದಕ್ಕಿಂತ ಮುಂಚೆ ತಾಯಿಯಲ್ಲಿ ಕಾಣುತ್ತದೆ: ಮರಿ ಉಣ್ಣದಿದ್ದಾಗ ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕುತ್ತದೆ. ಬಳಲಿದ ಮರಿಯನ್ನು ಎದೆಯ ಮೇಲೆ ಕೂರುವಂತೆ ಆಸರೆ ಕೊಟ್ಟು, ತಾಯಿಯಿಂದ ಕರೆದ ಹಾಲನ್ನು ಸ್ವಲ್ಪ ಸ್ವಲ್ಪವಾಗಿ, ಹಗಲಿರುಳೂ ಪದೇಪದೇ ಕುಡಿಸಬೇಕು. ದನಕರುಗಳಿಗೆ ಹಾಕುವಂತೆ ಗೊಟ್ಟದಿಂದ ಸುರಿದರೆ ಹಾಲು ಶ್ವಾಸಕೋಶ ಸೇರಿ ಮರಿ ಸಾಯಬಹುದು. ಹಸುವಿನ ಹಾಲಿನಲ್ಲಿ ಕುದುರೆಯ ಹಾಲಿಗಿಂತ ಕೊಬ್ಬು ಹೆಚ್ಚು, ಸಕ್ಕರೆಯ ಅಂಶ ಕಡಿಮೆ. ಆದುದರಿಂದ ತಬ್ಬಲಿ ಮರಿಗೆ ಅದನ್ನು ಹಾಗೆಯೇ ಕೊಡುವಂತಿಲ್ಲ. ಆಡಿನ ಹಾಲು ಅದಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ಇಂದು ಜೀವನಿರೋಧಕ ಔಷಧಗಳೂ ರಕ್ತನಾಳದ ಮೂಲಕ ಕೊಡುವ ದ್ರವಗಳೂ ಇವೆ. ಆದರೂ ಮರಿ ಉಳಿಯುವುದು ಅದರ ಬದಿಯಲ್ಲಿ ಎಚ್ಚರವಾಗಿ ಕುಳಿತವರಿಂದಲೇ. ಈ ಅಂಶ ಕೌಟಿಲ್ಯನ ಕಾಲಕ್ಕೂ ಇಂದಿಗೂ ಸಮಾನ.

ತಿಳಿವಳಿಕೆಯ ಕೊರತೆಯೋ, ಕಾಲದ ಕೊರತೆಯೋ?

ಇಷ್ಟು ತಿಳಿವಳಿಕೆ ಇದ್ದ ನಾಡು ಕುದುರೆಗಾಗಿ ಸಮುದ್ರದಾಚೆಗೆ ಏಕೆ ನೋಡಬೇಕಾಯಿತು? ಹವಾಮಾನ, ಹುಲ್ಲುಗಾವಲಿನ ಅಭಾವಗಳನ್ನು ವಿದ್ವಾಂಸರು ಕಾರಣವಾಗಿ ಹೇಳಿದ್ದಾರೆ. ಇವುಗಳೊಂದಿಗೆ ಇನ್ನೊಂದು ಕಾರಣವನ್ನು ಸೇರಿಸಬಹುದು. ಮೇಲೆ ಕಂಡಂತೆ, ಮರಿಯೊಂದು ಕೆಲಸಕ್ಕೆ ಬರಲು ನಾಲ್ಕು ವರ್ಷಗಳ ಪ್ರತಿಫಲವಿಲ್ಲದ ಪೋಷಣೆ ಬೇಕು. ಮತ್ತೆ ಮತ್ತೆ ದಂಡೆತ್ತಿ ಹೋಗುತ್ತಿದ್ದ ಅರಸನಿಗೆ ಬೇಕಾದುದು ಆ ಋತುವಿಗೆ ಒದಗುವ, ಎತ್ತರದ ಕುದುರೆ. ಬೊಕ್ಕಸದಲ್ಲಿ ಹೊನ್ನಿತ್ತು, ನಾಲ್ಕು ವರ್ಷದ ಬಿಡುವಿರಲಿಲ್ಲ.

ದಖನ್ನಿನ ನೆಲದಲ್ಲಿ ಮರಿಗಳು ಬದುಕಲಾರವು ಎಂಬ ವಾದವನ್ನು ಭೀಮಾ ನದಿಯ ಕಣಿವೆಯ ಭೀಮಥಡಿ ತಳಿಯು ನಿರಾಕರಿಸುತ್ತದೆ. ಗಾತ್ರದಲ್ಲಿ ಚಿಕ್ಕದಾದರೂ ಗಟ್ಟಿಮುಟ್ಟಾದ ಈ ಕುದುರೆಗಳು ಮರಾಠರ ಅಶ್ವದಳಕ್ಕೆ ಆಧಾರವಾಗಿದ್ದವು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಇತ್ತೀಚಿನ ವರ್ಷಗಳಲ್ಲಿ ಇದನ್ನು ಪ್ರತ್ಯೇಕ ದೇಶೀಯ ತಳಿಯೆಂದು ಮಾನ್ಯ ಮಾಡಿದೆ. ಇದನ್ನು ಉಳಿಸಿಕೊಂಡು ಬಂದವರಲ್ಲಿ ಸಂಚಾರಿ ಕುರಿಗಾರರು ಪ್ರಮುಖರೆಂಬುದು ಅರ್ಥಪೂರ್ಣ. ಉತ್ತರ ಕರ್ನಾಟಕದ ಕುರುಬರ ಹಿಂಡುಗಳೊಂದಿಗೂ ಹೇರು ಹೊರುವ ತಟ್ಟುಗಳು ಸಾಗುತ್ತವೆ; ಅವುಗಳ ಬೆನ್ನ ಮೇಲೆ ಹಾಸಿಗೆ, ಪಾತ್ರೆಗಳೊಂದಿಗೆ ನಡೆಯಲಾರದ ಕುರಿಮರಿಗಳೂ ಇರುತ್ತವೆ. ಪ್ರಾಣಿಯೊಡನೆ ವರ್ಷವಿಡೀ ಬದುಕುವವರಿಗೆ ಮರಿಯ ಪಕ್ಕದಲ್ಲಿ ಕುಳಿತುಕೊಳ್ಳುವ ಕಾಲವಿದೆ. ಅರಸನ ಲಾಯಕ್ಕೆ ಸಾಧ್ಯವಾಗದ ನಿರಂತರತೆ ಅಲೆಮಾರಿಯ ಹಟ್ಟಿಯಲ್ಲಿ ಸಾಧ್ಯವಾಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ದಖನ್ನಿನಲ್ಲಿ ಕುದುರೆಮರಿಯ ಪೋಷಣೆ ಮತ್ತು ಚಿಕಿತ್ಸೆಯ ತಿಳಿವಳಿಕೆ ಇರಲಿಲ್ಲವೆಂಬ ಅಭಿಪ್ರಾಯ ಮರುಪರಿಶೀಲನೆಗೆ ಅರ್ಹವಾಗಿದೆ. ಎರಡನೆಯದಾಗಿ, ಆಮದಿನ ಅವಲಂಬನೆಗೆ ಅಜ್ಞಾನಕ್ಕಿಂತ ಯುದ್ಧಪ್ರಧಾನ ರಾಜ್ಯದ ಅವಸರವೇ ಹೆಚ್ಚು ಹೊಣೆ. ಮೂರನೆಯದಾಗಿ, ಈ ವಿದ್ಯೆಯ ನಿಜವಾದ ವಾರಸುದಾರರು ಗ್ರಂಥಕಾರರಷ್ಟೇ ಅಲ್ಲ, ಲಾಯದ ಆಳುಗಳು ಮತ್ತು ಕುರಿಗಾರರು. ಸಂಚಾರಿ ಕುರಿಗಾರಿಕೆ ಕ್ಷೀಣಿಸುತ್ತಿರುವ ಈ ಕಾಲದಲ್ಲಿ ಬಾಗಲಕೋಟೆ ಜಿಲ್ಲೆಯ ಹಟ್ಟಿಗಳಲ್ಲಿ ಉಳಿದಿರುವ ಪ್ರಾಣಿವೈದ್ಯದ ತಿಳಿವಳಿಕೆಯನ್ನು, ಅದನ್ನು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ, ದಾಖಲಿಸುವುದು ಜರೂರಾಗಿದೆ. ಬಾದಾಮಿಯ ಅರಸನಿಗೆ ರಾಜ್ಯವನ್ನು ಮರಳಿ ಗಳಿಸಿಕೊಟ್ಟ ಚಿತ್ರಕಂಠವೂ ಒಂದು ಕಾಲಕ್ಕೆ ನಡುಗುವ ಕಾಲುಗಳ ಮರಿಯಾಗಿತ್ತು. ಅದನ್ನು ಎಬ್ಬಿಸಿ ನಿಲ್ಲಿಸಿದ ಕೈಗಳನ್ನೂ ಇತಿಹಾಸವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.