ಬಿ. ವಿ. ಕಾರಂತರೂ ಕಂಪೆನಿ ನಾಟಕದ ಹಾಡೂ

ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಹಾಡು ಪಟ್ಟ ಪಾಡು ವಿಚಿತ್ರವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸುಮಾರು ಅರ್ಧ ಶತಮಾನದ ಕಾಲ ನಮ್ಮ ನಾಟಕ ಕಂಪೆನಿಗಳಲ್ಲಿ ಹಾಡೇ ಅರಸು. ರಾಜನು ಸಿಂಹಾಸನವೇರಿದರೆ ಹಾಡಬೇಕು, ಯುದ್ಧಕ್ಕೆ ಹೊರಟರೆ ಹಾಡಬೇಕು. ಬಾಣ ತಗುಲಿ ನೆಲಕ್ಕೊರಗಿದ ಮೇಲೂ ಸಭಿಕರು 'ಒನ್ಸ್ ಮೋರ್' ಎಂದು ಕೂಗಿದರೆ, ಎದ್ದು ಕುಳಿತು ಹಾಡಿ ಮತ್ತೊಮ್ಮೆ ಸಾಯಬೇಕು. ಇದನ್ನು ಕಂಡು ನಕ್ಕವರು ಕೈಲಾಸಂ, ಶ್ರೀರಂಗ ಮೊದಲಾದ ಹೊಸ ನಾಟಕಕಾರರು. ಮನೆಯ ಪಡಸಾಲೆಯಲ್ಲಿ ಗಂಡಹೆಂಡಿರು ಜಗಳವಾಡುವಾಗ ಯಾರೂ ರಾಗಾಲಾಪನೆ ಮಾಡುವುದಿಲ್ಲವಷ್ಟೆ? ಆದುದರಿಂದ ಗದ್ಯ ಬಂದಿತು, ಹಾಡು ಹೊರಗೆ ಹೋಯಿತು. ವಿದ್ಯಾವಂತರ ಹವ್ಯಾಸಿ ರಂಗಭೂಮಿಗೆ ಹಾಡೆಂದರೆ ಒಂದು ಬಗೆಯ ನಾಚಿಕೆಯೇ ಆಯಿತು.

ಹೀಗೆ ಹೊರಗೆ ಹೋದ ಹಾಡನ್ನು ಕೈಹಿಡಿದು ಒಳಗೆ ಕರೆತಂದವರು ಬಾಬುಕೋಡಿ ವೆಂಕಟರಮಣ ಕಾರಂತರು. (ಕೋಟದ ಶಿವರಾಮ ಕಾರಂತರು ಬೇರೆ, ಇವರು ಬೇರೆ, ಆದರೂ ಇಬ್ಬರ ಹೆಸರೂ ಯಕ್ಷಗಾನದ ಚರ್ಚೆಯಲ್ಲಿಯೂ 'ಚೋಮನ ದುಡಿ'ಯಲ್ಲಿಯೂ ಒಟ್ಟಿಗೆ ಬರುವುದರಿಂದ ಗೊಂದಲವಾಗುವುದುಂಟು.) ಅವರು ನಟರಾದರು, ನಿರ್ದೇಶಕರಾದರು, ಮೇಷ್ಟರಾದರು, ಚಲನಚಿತ್ರ ಮಾಡಿದರು. ಆದರೆ ಮೊದಲಿನಿಂದ ಕೊನೆಯವರೆಗೂ ಅವರ ಬಂಡವಾಳ ಒಂದೇ: ಬಾಲ್ಯದಲ್ಲಿ ಕಂಪೆನಿಯಲ್ಲಿ ಪಳಗಿದ ಕಿವಿ.

ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿಯ ಕಡೆಯ ಬಡ ಕುಟುಂಬದಲ್ಲಿ 1929ರಲ್ಲಿ ಅವರ ಜನನ. ಮೂರನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ 'ನನ್ನ ಗೋಪಾಲ' ನಾಟಕದಲ್ಲಿ ಬಣ್ಣ ಹಚ್ಚಿದರು. ಆ ಬಣ್ಣ ಇಳಿಯಲಿಲ್ಲ. ಇನ್ನೂ ಹುಡುಗನಾಗಿರುವಾಗಲೇ ಮನೆಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪೆನಿಯನ್ನು ಸೇರಿದರು. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿದ ಆ ಕಂಪೆನಿ ಆ ಹೊತ್ತಿಗೆ ನಾಡಿನಲ್ಲೆಲ್ಲ ಮನೆಮಾತಾಗಿದ್ದಿತು. ಕಂಪೆನಿಯೆಂದರೆ ಬರಿಯ ನಾಟಕವಲ್ಲ, ಒಂದು ಸಂಸಾರ. ಅಲ್ಲಿಯೇ ಊಟ, ಅಲ್ಲಿಯೇ ನಿದ್ದೆ, ಅಲ್ಲಿಯೇ ಪಾಠ. ಪರದೆ ಎಳೆಯುವವನಿಗೂ ನಾಯಕನ ಹಾಡು ಬಾಯಿಗೆ ಬರುತ್ತಿದ್ದಿತು.

ವೀರಣ್ಣನವರ ದೊಡ್ಡತನ ಇಲ್ಲಿ ಕಾಣುತ್ತದೆ. ಕಂಪೆನಿಯ ಯಜಮಾನರು ಚುರುಕಾದ ಹುಡುಗನನ್ನು ಬಿಟ್ಟುಕೊಡುವುದು ಅಪೂರ್ವ. ಅವರಾದರೋ ಈ ಹುಡುಗನನ್ನು ಹಿಂದಿಯ ಎಂ. ಎ. ಓದಲು ಕಾಶಿಗೆ ಕಳುಹಿಸಿದರು. ಅಲ್ಲಿ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ಥಾನಿ ಸಂಗೀತದ ಶಿಕ್ಷಣವೂ ದೊರೆಯಿತು. ಕಾಶಿಯ ಈ ವಾಸವನ್ನು ಕಾರಂತರ ಜೀವನಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುವ ವಾಡಿಕೆಯುಂಟು. ನನ್ನ ಮಟ್ಟಿಗೆ ಅದೇ ತಿರುವು. ಭಾರತೇಂದು ಹರಿಶ್ಚಂದ್ರರೂ ಜಯಶಂಕರ ಪ್ರಸಾದರೂ ಕಾಶಿಯವರು. ಮುಂದೆ ಕಾರಂತರು ಭಾರತೇಂದುವಿನ 'ಅಂಧೇರ ನಗರಿ'ಯನ್ನೂ, ಓದುವುದಕ್ಕೆ ಮಾತ್ರ ಯೋಗ್ಯವೆಂದು ಹಿಂದಿಯ ಪಂಡಿತರು ಬದಿಗಿಟ್ಟಿದ್ದ ಪ್ರಸಾದರ 'ಸ್ಕಂದಗುಪ್ತ'ವನ್ನೂ ರಂಗಕ್ಕೆ ತಂದರು. ತುಳುನಾಡಿನಿಂದ ಹೋದ ಕನ್ನಡಿಗನೊಬ್ಬನು ಹಿಂದಿಯವರಿಗೆ ಅವರ ನಾಟಕಕಾರರನ್ನೇ ಆಡಿ ತೋರಿಸಿದನೆಂದರೆ ಸಣ್ಣ ಮಾತಲ್ಲ.

ಕಾಶಿಯಿಂದ ದೆಹಲಿಗೆ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ಶಿಷ್ಯರಾಗಿ 1962ರಲ್ಲಿ ಹೊರಬಂದರು. ಅಲ್ಕಾಜಿಯವರದು ಲಂಡನ್ನಿನಲ್ಲಿ ಕಲಿತ ಶಿಸ್ತು. ಬೆಳಕು, ರಂಗಸಜ್ಜು, ಉಚ್ಚಾರ ಎಲ್ಲವೂ ಅಳತೆಯಂತೆ ನಡೆಯಬೇಕು. ಕಂಪೆನಿಯಲ್ಲಿ ಅಳತೆಯೆಂಬುದು ಸಭಿಕರ ಚಪ್ಪಾಳೆ. ಈ ಎರಡು ಗುರುಕುಲಗಳೂ ಒಬ್ಬನಲ್ಲಿ ಕೂಡಿದುದು ನಮ್ಮ ಅದೃಷ್ಟ. ಗಿರೀಶ ಕಾರ್ನಾಡರ 'ತುಘಲಕ್' 1966ರಲ್ಲಿ ನಾಟಕ ಶಾಲೆಯಲ್ಲಿ ಓಂ ಶಿವಪುರಿಯವರ ನಿರ್ದೇಶನದಲ್ಲಿ ಪ್ರಯೋಗವಾದಾಗ ಅದರ ಅನುವಾದ ಕಾರಂತರದು. ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಕೆಲವು ವರ್ಷ ಮಕ್ಕಳಿಗೆ ನಾಟಕ ಕಲಿಸಿದರು. ಮಕ್ಕಳ ನಾಟಕವನ್ನು ಅವರು ಎಂದೂ ಕೈಬಿಡಲಿಲ್ಲ. ಗಿಣಿಗೆ ವಿದ್ಯೆ ಕಲಿಸಲು ಹೋಗಿ ಅದರ ಬಾಯಿಗೆ ಪುಸ್ತಕದ ಹಾಳೆ ತುರುಕಿ ಕೊಂದ ರವೀಂದ್ರರ ಕಥೆಯನ್ನು 'ಪಂಜರಶಾಲೆ'ಯಾಗಿಸಿದವರು ಅವರೇ. ನಮ್ಮಂತಹ ಉಪಾಧ್ಯಾಯರು ವರ್ಷಕ್ಕೊಮ್ಮೆ ನೋಡಬೇಕಾದ ನಾಟಕವದು.

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ಈ ಮೂರು ನಾಟಕಗಳನ್ನು ಅವರು ಆಡಿಸಿದುದು ಹವ್ಯಾಸಿ ರಂಗಭೂಮಿಯ ಕಾಲಗಣನೆಯಲ್ಲಿ ಗಡಿಕಲ್ಲು. ಒಂದು ಗ್ರೀಕರದು, ಇನ್ನೊಂದು ಉತ್ತರ ಕರ್ನಾಟಕದ ಬಯಲಾಟದ ಮಣ್ಣಿನದು, ಮತ್ತೊಂದು ಬಸವಣ್ಣನವರ ಕಾಲದ ಚರಿತ್ರೆಯದು. ಮೂರಕ್ಕೂ ಬೇರೆ ಬೇರೆ ಧ್ವನಿಯನ್ನು ಹುಡುಕಿದರು. ಕಾರಂತರಿಗೆ ಹಾರ್ಮೋನಿಯಂ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ತಗಡು, ಕಲ್ಲು, ಬಿದಿರಿನ ತುಂಡು, ಯಾವುದರಿಂದಲಾದರೂ ನಾದ ಹೊರಡಿಸುವರು. ಅವರು ಹಾಕಿದ ರಾಗಗಳಲ್ಲಿ ಯಕ್ಷಗಾನದ ಮಟ್ಟುಂಟು, ಕಂಪೆನಿಯ ಹಾಡಿನ ಬೀಸುಂಟು, ಕಾಶಿಯ ಗಂಧವುಂಟು. ಆದರೆ ಇದು ಇಂತಹುದೇ ಎಂದು ಬೆರಳು ಮಾಡಿ ತೋರಿಸುವಂತಿಲ್ಲ.

ಅವರೂ ಪತ್ನಿ ಪ್ರೇಮಾ ಕಾರಂತರೂ ಕಟ್ಟಿ ಬೆಳೆಸಿದ 'ಬೆನಕ' ತಂಡದ 'ಸತ್ತವರ ನೆರಳು' ಇಲ್ಲಿ ವಿಶೇಷವಾಗಿ ನೆನೆಯತಕ್ಕದ್ದು. ನಾಟಕ ಶ್ರೀರಂಗರದು. ಹಾಡನ್ನು ಹೊರಗಟ್ಟಿದ ಪಂಗಡದ ಹಿರಿಯರೇ ಶ್ರೀರಂಗರು! ಅವರ ವಿಚಾರಪ್ರಧಾನವಾದ ಗದ್ಯದ ನಡುವೆ ಕಾರಂತರು ದಾಸರ ಪದಗಳನ್ನು ತಂದು ನಿಲ್ಲಿಸಿದರು. ಮಠದ ಒಳಗಿನ ಕಪಟವನ್ನು ಮಾತು ಬಯಲಿಗೆಳೆಯುತ್ತಿದ್ದರೆ, ಪಕ್ಕದಲ್ಲಿಯೇ ಪುರಂದರದಾಸರ ಭಕ್ತಿ ಹರಿಯುತ್ತದೆ. ಕೇಳುವವನಿಗೆ ನಗುವೂ ಬರುತ್ತದೆ, ಎದೆಯೂ ಚುರುಕ್ಕೆನ್ನುತ್ತದೆ. ಕಂಪೆನಿಯಲ್ಲಿ ಹಾಡು ಮಾತನ್ನು ನಿಲ್ಲಿಸುತ್ತಿದ್ದಿತು. ಇಲ್ಲಿ ಅದು ಮಾತಿನೊಡನೆ ವಾದಕ್ಕೆ ಇಳಿಯಿತು.

1977ರಲ್ಲಿ ಕಾರಂತರು ತಾವು ಕಲಿತ ನಾಟಕ ಶಾಲೆಗೇ ನಿರ್ದೇಶಕರಾದರು. ಶಾಲೆಯನ್ನು ದೆಹಲಿಯ ಗೋಡೆಗಳಿಂದ ಹೊರಕ್ಕೆ ತಂದು ಮಧುರೈಯಷ್ಟು ದೂರದ ಊರುಗಳಲ್ಲಿ ಶಿಬಿರ ನಡೆಸಿದರು. 1979ರಲ್ಲಿ ಅಲ್ಲಿಯ ರೆಪರ್ಟರಿಗಾಗಿ ಮಾಡಿದ 'ಬರ್ನಮ್ ವನ' ದೇಶದಲ್ಲೆಲ್ಲ ಚರ್ಚೆಯಾಯಿತು. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್', ರಘುವೀರ ಸಹಾಯರ ಹಿಂದಿ ಅನುವಾದ, ಆಟ ಯಕ್ಷಗಾನದ ರೀತಿಯದು. ಯಕ್ಷಗಾನವನ್ನು ಹುಟ್ಟಿನಿಂದ ಕಂಡರಿಯದ ನಟರು ಅದರ ಹೆಜ್ಜೆಯನ್ನು ಕಲಿಯಬೇಕಾಯಿತು. ಮಾಟಗಾತಿಯರು, ನಡೆದುಬರುವ ಕಾಡು, ರಕ್ತದಾಹದ ರಾಜ. ಇವೆಲ್ಲ ಬಣ್ಣದ ವೇಷವನ್ನು ಕಂಡ ನಮ್ಮ ಕರಾವಳಿಯವರಿಗೆ ಹೊಸತೇನೂ ಅಲ್ಲ. ಆದರೂ ಒಂದು ಸಂದೇಹವನ್ನು ಮುಚ್ಚಿಡಲಾರೆ. ಯಕ್ಷಗಾನದ ಕುಣಿತ ಹೊರಗಿನ ಶೌರ್ಯಕ್ಕೆ ಒದಗುವಷ್ಟು ಸುಲಭವಾಗಿ, ಒಬ್ಬನೇ ಕುಳಿತು ತನ್ನ ಪಾಪಕ್ಕೆ ತಾನೇ ಅಂಜುವವನ ಮಾತಿಗೆ ಒದಗುವುದೆ? ಯಕ್ಷಗಾನದಲ್ಲಿಯಾದರೆ ಅಲ್ಲಿ ಭಾಗವತರ ಪದವೂ ಅರ್ಥಧಾರಿಯ ಆಶುಮಾತೂ ಕೂಡಿ ಆ ಕೆಲಸ ಮಾಡುತ್ತವೆ. ಬರೆದಿಟ್ಟ ಮಾತಿಗೆ ಆ ಸ್ವಾತಂತ್ರ್ಯವಿಲ್ಲ.

ಭೋಪಾಲದಲ್ಲಿ 1982ರಲ್ಲಿ ಆರಂಭವಾದ ಭಾರತ ಭವನದ ರಂಗಮಂಡಲವನ್ನು ಕಟ್ಟಲು ಮಧ್ಯಪ್ರದೇಶ ಸರಕಾರ ಅವರನ್ನು ಕರೆಯಿತು. ಅಲ್ಲಿ ಸಂಸ್ಕೃತದ ಹಾಗೂ ಇತರ ಹಳೆಯ ನಾಟಕಗಳನ್ನು ಬುಂದೇಲಿ, ಮಾಳವಿ, ಛತ್ತೀಸಗಢಿಗಳಂತಹ ಆಡುನುಡಿಗಳಿಗೆ ಇಳಿಸಿದರು. ಆ ನುಡಿಗಳಲ್ಲಿ ಯಾವುದೂ ಅವರ ಮನೆಮಾತಲ್ಲವೆಂಬುದನ್ನು ಗಮನಿಸಬೇಕು. ನುಡಿ ತಿಳಿಯದ ಊರಿನಲ್ಲಿ ಅವರು ಮೊದಲು ಹಿಡಿಯುತ್ತಿದ್ದುದು ಅಲ್ಲಿಯ ಹಾಡನ್ನು, ತಾಳವನ್ನು. ಪೂರ್ವ ಜರ್ಮನಿಯ ಫ್ರಿಟ್ಸ್ ಬೆನೆವಿಟ್ಸ್ ಕೂಡ ಅದೇ ತಂಡದೊಡನೆ ಕೆಲಸ ಮಾಡಿದರು. 1986ರಲ್ಲಿ ನಡೆದ ಒಂದು ದುಃಖಕರ ಪ್ರಕರಣದ ನೆರಳಿನಲ್ಲಿ ಕಾರಂತರ ಭೋಪಾಲದ ಕಾಲ ಮುಗಿಯಿತು; ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಚಲನಚಿತ್ರದ ಮಾತು ಸ್ವಲ್ಪ. ಕಾರ್ನಾಡರೊಡನೆ 'ವಂಶವೃಕ್ಷ' (1971), ತಾವೊಬ್ಬರೇ 'ಚೋಮನ ದುಡಿ' (1975). ಎರಡನೆಯದಕ್ಕೆ ಸ್ವರ್ಣಕಮಲ ಬಂದಿತು. 'ಘಟಶ್ರಾದ್ಧ'ಕ್ಕೂ ಮೃಣಾಲ್ ಸೇನರ ಕೆಲವು ಚಿತ್ರಗಳಿಗೂ ಸಂಗೀತ ಅವರದೇ. ಚೋಮನಿಗೆ ಸಿಟ್ಟು ಬಂದರೂ ದುಃಖ ಬಂದರೂ ಅವನ ಕೈ ದುಡಿಗೆ ಹೋಗುತ್ತದೆ. ಅಂತಹ ಕಥೆ ಅಂತಹ ಕಿವಿಯವರ ಕೈಗೇ ಸಿಕ್ಕಿತು.

1989ರಲ್ಲಿ ಕರ್ನಾಟಕ ಸರಕಾರ ಮೈಸೂರಿನಲ್ಲಿ 'ರಂಗಾಯಣ'ವನ್ನು ಸ್ಥಾಪಿಸಿತು. 1995ರವರೆಗೆ ಕಾರಂತರು ಅದರ ಮುಖ್ಯಸ್ಥರು. ತರುಣ ತರುಣಿಯರನ್ನು ಸಂಬಳ ಕೊಟ್ಟು ಇರಿಸಿಕೊಂಡು, ದಿನವೆಲ್ಲ ತಾಲೀಮು, ಸಂಗೀತ, ಕುಣಿತ. ಬ್ರೌನಿಂಗನಿಂದ ಕುವೆಂಪು ಕನ್ನಡಕ್ಕೆ ತಂದ ಕಿಂದರಿಜೋಗಿ ಅಲ್ಲಿ ರಂಗವೇರಿದನು. ನೋಡಿದರೆ ಇದು ಗುಬ್ಬಿ ಕಂಪೆನಿಯೇ ಅಲ್ಲವೆ? ಭೋಪಾಲದಲ್ಲಿಯೂ ಮೈಸೂರಿನಲ್ಲಿಯೂ ಕಾರಂತರು ತಮ್ಮ ಬಾಲ್ಯದ ಕಂಪೆನಿಯನ್ನೇ ಮತ್ತೆ ಕಟ್ಟಲು ಹೊರಟರೆಂದು ನನಗೆ ತೋರುತ್ತದೆ. ಒಂದೇ ವ್ಯತ್ಯಾಸ: ವೀರಣ್ಣನವರ ಕಂಪೆನಿಗೆ ಟಿಕೀಟು ಕೊಂಡು ಬಂದವರು ಯಜಮಾನರು, ಇಲ್ಲಿ ಸರಕಾರ ಯಜಮಾನ. ಟಿಕೀಟಿನ ಭಯ ತಪ್ಪಿದುದರಿಂದ ಪು.ತಿ.ನ. ಅವರ 'ಗೋಕುಲ ನಿರ್ಗಮನ'ದಂತಹ ಗೇಯರೂಪಕವನ್ನು ಧೈರ್ಯವಾಗಿ ರಂಗಕ್ಕೆ ತರುವ ಕಾಲ ಬಂದಿತು. ಅದೇ ಕಾರಣದಿಂದ ಕಡತದ ಭಯ ಹುಟ್ಟಿತು.

ಇನ್ನು ಶಿಷ್ಯರ ವಿಷಯ. ಕಾರಂತರ ತರುವಾಯ ನಮ್ಮ ಹವ್ಯಾಸಿ ತಂಡಗಳಿಗೆ ಹಾಡಿಲ್ಲದೆ ನಾಟಕವೇ ಇಲ್ಲವೆಂಬಂತಾಯಿತು. ಗುರುವಿನ ರಾಗ ಬಂದಿತು, ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ವಿವೇಕ ಎಲ್ಲರಿಗೂ ಬರಲಿಲ್ಲ. ಮೇಳದ ಅಬ್ಬರದಲ್ಲಿ ಮಾತು ಕೇಳಿಸದ ಪ್ರಯೋಗಗಳು ಎಷ್ಟೋ! ಕನ್ನಡ ಪಾಠ ಹೇಳುವವನಿಗೆ ಇದರಿಂದ ಸಂಕಟವಾಗದೆ ಇರದು. ಶ್ರೀರಂಗರು ಹಾಡನ್ನು ಏಕೆ ಹೊರಗಟ್ಟಿದರೆಂಬುದು ಅಂತಹ ಸಂಜೆಗಳಲ್ಲಿ ಮತ್ತೆ ನೆನಪಾಗುತ್ತದೆ.

ಕಾರಂತರು 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ನೂರಕ್ಕೂ ಹೆಚ್ಚು ನಾಟಕಗಳನ್ನು ಆಡಿಸಿದ್ದರು. ಅವುಗಳಲ್ಲಿ ಅರ್ಧದಷ್ಟು ಕನ್ನಡದವು, ಉಳಿದವು ಹಿಂದಿಯೇ ಮೊದಲಾದ ನುಡಿಗಳವು. ಆ ಪ್ರಯೋಗಗಳ ಹೆಜ್ಜೆ, ವೇಷ, ಬೆಳಕು ನೋಡಿದವರ ನೆನಪಿನಲ್ಲಿ ಮಾಸುತ್ತಿವೆ. ಹಾಡು ಮಾತ್ರ ನಾಟಕವನ್ನು ಬಿಟ್ಟು ಹೊರಟು ತನ್ನ ಪಾಡಿಗೆ ತಾನು ಊರೂರು ಸುತ್ತುತ್ತಿದೆ. 'ಹಯವದನ'ದ ಗಣಪತಿ ಸ್ತುತಿಯನ್ನು ಕಾಲೇಜುಗಳ ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆಯೆಂದು ಹಾಡುತ್ತಾರೆ. ಹಾಡುವ ಹುಡುಗಿಯರನ್ನು ಇದು ಯಾವ ನಾಟಕದ್ದಮ್ಮ ಎಂದು ಕೇಳಿದರೆ, ನಾಟಕದ್ದೇ ಸಾರ್ ಎಂದು ಆಶ್ಚರ್ಯಪಡುತ್ತಾರೆ.