ಟೈಫಾಯ್ಡ್ ರೋಗಾಣುವಿನ ಜೀನೋಮ್ ಓದುವ ಮೊದಲು: ಮಣ್ಣೂರ ಸೀಮೆಗೊಂದು ಟಿಪ್ಪಣಿ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಮಣ್ಣೂರ ಭೀಮಾ ದಂಡೆಯ ಊರು. 2020ರ ಅಕ್ಟೋಬರ್‌ನಲ್ಲಿ ಭೀಮೆಯ ಪ್ರವಾಹ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿತೀರದ ಹಳ್ಳಿಗಳಿಗೆ ನುಗ್ಗಿತ್ತು. ಇಂಥ ಸೀಮೆಯಲ್ಲಿ ಇಳಿಯದ ಜ್ವರ ಬಂದರೆ ಮೊದಲು ಬಾಯಿಗೆ ಬರುವ ಹೆಸರು ಟೈಫಾಯ್ಡ್. ವಿಡಾಲ್ ಟೆಸ್ಟ್ ಆಗುತ್ತದೆ, ಸಲೈನ್ ಹಚ್ಚುತ್ತಾರೆ, ಆ್ಯಂಟಿಬಯಾಟಿಕ್ ಶುರುವಾಗುತ್ತದೆ. ಈ ದಾರಿಯಲ್ಲಿ ರೋಗಾಣು ಯಾರ ಕೈಗೂ ಸಿಗುವುದಿಲ್ಲ. ವಿಡಾಲ್ ತೋರಿಸುವುದು ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಮಾತ್ರ. ಹಿಂದೆಂದೋ ಆದ ಸೋಂಕು, ಬೇರೆ ಜಾತಿಯ ಸಾಲ್ಮೊನೆಲ್ಲಾ, ಒಮ್ಮೊಮ್ಮೆ ಬೇರೆಯದೇ ಜ್ವರ ಕೂಡ ಅದನ್ನು ಪಾಸಿಟಿವ್ ಮಾಡಬಲ್ಲವು. ಜೀನೋಮ್ ಓದಬೇಕಾದರೆ ಜೀವಂತ ರೋಗಾಣು ಬೇಕು. ಅದು ಮುಖ್ಯವಾಗಿ ಸಿಗುವುದು ಬ್ಲಡ್ ಕಲ್ಚರ್‌ನಿಂದ, ಅಂದರೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸುವ ಪರೀಕ್ಷೆಯಿಂದ.

ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿಯ ಪೂರ್ಣ ಜೀನೋಮ್ ಮೊದಲು ಪ್ರಕಟವಾದದ್ದು 2001ರಲ್ಲಿ. ವಿಯೆಟ್ನಾಂ ರೋಗಿಯೊಬ್ಬರಿಂದ ದೊರೆತ ಸಿಟಿ18 ಎಂಬ ತಳಿಯದು ಅದು. ಸುಮಾರು 48 ಲಕ್ಷ ಡಿಎನ್ಎ ಅಕ್ಷರಗಳು. ಅದರಲ್ಲಿ 200ಕ್ಕೂ ಹೆಚ್ಚು ಜೀನ್‌ಗಳು ಕೆಲಸ ನಿಲ್ಲಿಸಿರುವುದು ಕಂಡುಬಂತು. ಕೋಳಿ, ದನ, ಹಂದಿಗಳಲ್ಲೂ ಬದುಕಬಲ್ಲ ಸೋದರ ಜಾತಿಗಳಿಗೆ ಹೋಲಿಸಿದರೆ ಟೈಫಿ ಮನುಷ್ಯನೊಬ್ಬನನ್ನೇ ನೆಚ್ಚಿಕೊಂಡದ್ದಕ್ಕೂ ಈ ಜೀನ್‌ಗಳ ನಷ್ಟಕ್ಕೂ ನಂಟಿದೆ ಎಂದು ವಿದ್ವಾಂಸರು ತರ್ಕಿಸುತ್ತಾರೆ. ಹಳ್ಳಿಯ ಮಟ್ಟಕ್ಕೆ ಇದರ ಅರ್ಥ ನೇರ: ನೀರಿಗೆ ಟೈಫಿ ಸೇರುವುದು ಮನುಷ್ಯರ ಮಲದಿಂದ. ಜ್ವರ ವಾಸಿಯಾದ ಮೇಲೂ ಪಿತ್ತಕೋಶದಲ್ಲಿ ರೋಗಾಣು ಹೊತ್ತಿರುವವರು ಕೆಲವರಿರುತ್ತಾರೆ.

ಔಷಧಕ್ಕೆ ಬಗ್ಗದಿರುವ ಗುಣ ಎರಡು ಬಗೆಯಲ್ಲಿ ಬರುತ್ತದೆ. ಜೀನೋಮ್ ಅವೆರಡನ್ನೂ ಬೇರ್ಪಡಿಸಿ ತೋರಿಸುತ್ತದೆ. 1972ರಲ್ಲಿ ಕೋಳಿಕ್ಕೋಡಿನಲ್ಲಿ ಕ್ಲೋರಾಂಫೆನಿಕಾಲ್‌ಗೆ ಜಗ್ಗದ ಟೈಫಾಯ್ಡ್ ಹಬ್ಬಿತು. ಆ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದ್ದಾಗಿತ್ತು. 2016ರಿಂದ ಪಾಕಿಸ್ತಾನದ ಸಿಂಧ್‌ನಲ್ಲಿ ಸೆಫ್ಟ್ರಿಯಾಕ್ಸೋನ್ ಸೋತದ್ದೂ ಹೀಗೆ ಹೊರಗಿನಿಂದ ಬಂದ ಪ್ಲಾಸ್ಮಿಡ್ ಎಂಬ ಡಿಎನ್ಎ ತುಣುಕಿನಿಂದಲೇ. ಸಿಪ್ರೊಫ್ಲಾಕ್ಸಾಸಿನ್ ಸೋಲುವ ಬಗೆ ಬೇರೆ. ಅಲ್ಲಿ ಟೈಫಿಯ ಸ್ವಂತ ಜೈರ್-ಎ ಜೀನ್‌ನ 83ನೇ ಕೋಡಾನ್‌ನಂಥ (ಮೂರಕ್ಷರದ ಗುಂಪಿನಂಥ) ಕಡೆ ಅಕ್ಷರ ಬದಲಾಗಿರುತ್ತದೆ. ಔಷಧದ ಬಳಕೆ ಹೆಚ್ಚಿದಷ್ಟೂ ಬದಲಾದವೇ ಉಳಿದು ಬೆಳೆಯುತ್ತವೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತ, ಬಾಂಗ್ಲಾದೇಶ, ನೇಪಾಳ, ಪಾಕಿಸ್ತಾನಗಳ 3,489 ಹೊಸ ಜೀನೋಮ್‌ಗಳನ್ನು ಓದಿತು. ಹಳೆಯವನ್ನೂ ಸೇರಿಸಿ ನೋಡಿದಾಗ, ನಿರೋಧಕ ತಳಿಗಳು 1990ರಿಂದೀಚೆಗೆ ಸುಮಾರು 200 ಬಾರಿ ದೇಶದ ಗಡಿ ದಾಟಿದ್ದವು.

ಇಷ್ಟಾದರೂ ಒಂದು ಮಿತಿಯನ್ನು ಒತ್ತಿ ಹೇಳಬೇಕು. ಟೈಫಿ ಬಹಳ ನಿಧಾನ ಬದಲಾಗುವ ಜೀವಿ: ಇಡೀ ಜೀನೋಮ್‌ನಲ್ಲಿ ವರ್ಷಕ್ಕೆ ಸರಾಸರಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಹೀಗಾಗಿ ಒಂದೇ ಓಣಿಯ ಇಬ್ಬರು ರೋಗಿಗಳ ಜೀನೋಮ್ ಒಂದೇ ಆಗಿದ್ದರೆ ಯಾರಿಂದ ಯಾರಿಗೆ ಬಂತೆಂದು ಹೇಳಲಾಗದು. ಹತ್ತಾರು ಅಕ್ಷರಗಳ ಅಂತರವಿದ್ದರೆ ಮಾತ್ರ ಮೂಲ ಬೇರೆ ಎಂದು ಧೈರ್ಯವಾಗಿ ಹೇಳಬಹುದು. ಉಳಿದದ್ದನ್ನು ಬಾವಿ, ನಲ್ಲಿ, ಮುಂಬೈ–ಪುಣೆಗೆ ದುಡಿಯಲು ಹೋಗಿ ಬಂದವರ ವಿವರ, ಗಾಣಗಾಪುರದ ಯಾತ್ರೆ ಇವುಗಳಿಂದಲೇ ಕೂಡಿಸಬೇಕು. ಜೀನೋಮ್ ಅನುಕ್ರಮದ ಕಡತದ ಜೊತೆ ಈ ವಿವರ ಇಲ್ಲದಿದ್ದರೆ ಅಧ್ಯಯನ ಅರ್ಧ ಕುರುಡು.

ಟೈಫಾಯ್ಡ್‌ನ ಪ್ರಮಾಣವೂ ಊರಿಂದ ಊರಿಗೆ ಬೇರೆ. ಮಕ್ಕಳ ಮೇಲೆ ನಡೆದ ರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ (2017–2020) ವೆಲ್ಲೂರಿನ ನಗರ ಪ್ರದೇಶದಲ್ಲಿ ಲಕ್ಷ ಮಕ್ಕಳಿಗೆ ವರ್ಷಕ್ಕೆ 1,173 ಟೈಫಾಯ್ಡ್ ಪ್ರಕರಣ ಕಂಡರೆ, ಪುಣೆಯ ಗ್ರಾಮೀಣ ಭಾಗದಲ್ಲಿ ಕಂಡದ್ದು ಬರೀ 35. ಭೀಮೆ ಹುಟ್ಟುವುದೂ ಆ ಪುಣೆ ಜಿಲ್ಲೆಯಲ್ಲೇ. ನಮ್ಮ ಹಳ್ಳಿಗಳ ಲೆಕ್ಕವೂ ಅಷ್ಟೇ ಎಂದು ಇದರಿಂದ ಸಾಧಿಸಲಾಗದು. ಆದರೆ ವಿಡಾಲ್ ಚೀಟಿಗಳನ್ನು ಎಣಿಸಿ ಟೈಫಾಯ್ಡ್‌ನ ಪ್ರಮಾಣ ಹೇಳುವವರು ಎರಡು ಸಲ ಯೋಚಿಸಬೇಕು.

ಕಲಬುರಗಿಯಲ್ಲಿ ಟೈಫಿಯ ಅಧ್ಯಯನಕ್ಕೆ ಹಿನ್ನೆಲೆಯಿದೆ. ಗುಲ್ಬರ್ಗಾ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿಶಾಸ್ತ್ರಜ್ಞರು ಟೈಫಿಯ ಔಷಧ ನಿರೋಧದ ಬಗ್ಗೆ 2010ರಲ್ಲೇ ಪ್ರಬಂಧ ಪ್ರಕಟಿಸಿದ್ದಾರೆ. ಮುಂದಿನ ಹೆಜ್ಜೆಗೆ ನನ್ನ ಸಲಹೆ ಇಷ್ಟು: ಅಫಜಲಪುರ, ಆಳಂದ, ಜೇವರ್ಗಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲ ಡೋಸ್ ಆ್ಯಂಟಿಬಯಾಟಿಕ್‌ಗೂ ಮುಂಚೆ ದೊಡ್ಡವರಿಂದ 8–10 ಮಿ.ಲೀ. ರಕ್ತ ತೆಗೆದು ಕಲ್ಚರ್ ಬಾಟಲಿಗೆ ಹಾಕಬೇಕು. ಹಾಗೆ ಮಾಡಿದರೂ ಹತ್ತು ನಿಜವಾದ ರೋಗಿಗಳಲ್ಲಿ ಸುಮಾರು ಆರು ಮಂದಿಯಲ್ಲಷ್ಟೇ ಟೈಫಿ ಬೆಳೆಯುತ್ತದೆ. ಬಾಟಲಿಯನ್ನು ಫ್ರಿಜ್ಜಿನಲ್ಲಿಡದೆ ಅದೇ ದಿನ ಕಲಬುರಗಿಯ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಬೆಳೆದ ತಳಿಯನ್ನು ಔಷಧ ಪರೀಕ್ಷೆ ಮುಗಿದ ಮೇಲೆ ಎಸೆಯದೆ, ಊರು ಮತ್ತು ನೀರಿನ ಮೂಲವನ್ನು ಬರೆದು ಕಾಯ್ದಿಡಬೇಕು.