ತೆರೆಯ ಮೇಲಿನ ಶ್ರೀರಂಗಪಟ್ಟಣದ ಅರಮನೆ: ‘ರಣಧೀರ ಕಂಠೀರವ’ ಚಿತ್ರ ಮತ್ತು ಅದರ ಆಕರಗಳು

ಮೈಸೂರು ಒಡೆಯರ ಮನೆತನದೊಳಗಿನ ಸಂಚನ್ನು ವಸ್ತುವಾಗಿಸಿಕೊಂಡು 1960ರಲ್ಲಿ ತೆರೆಕಂಡ ‘ರಣಧೀರ ಕಂಠೀರವ’ವು ಕನ್ನಡದ ಐತಿಹಾಸಿಕ ಚಲನಚಿತ್ರಗಳಲ್ಲಿ ಮೊದಲ ಸಾಲಿಗೆ ಸೇರುತ್ತದೆ. ಎನ್. ಸಿ. ರಾಜನ್ ನಿರ್ದೇಶಿಸಿ, ರಾಜ್‌ಕುಮಾರ್ ನಾಯಕರಾಗಿ ನಟಿಸಿದ ಈ ಚಿತ್ರದ ಕಥೆಯ ನೆಲೆ ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ. ಚಿತ್ರವು ಕಥೆಯ ಎಳೆಯನ್ನು ಇತಿಹಾಸದಿಂದ ಪಡೆದರೂ ಅರಮನೆಯ ಬದುಕಿನ ಕಲ್ಪನೆಯನ್ನು ಪಡೆದದ್ದು ಮುಖ್ಯವಾಗಿ ವೃತ್ತಿರಂಗಭೂಮಿಯಿಂದ; ಅದರ ಬಲ, ಮಿತಿಗಳೆರಡೂ ಈ ಮೂಲದಲ್ಲೇ ಇವೆ.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಜನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಅದು ಒಡೆಯರ ರಾಜಧಾನಿಯಾಯಿತು. 1637ರಲ್ಲಿ ಪಟ್ಟವೇರಿದ ಇಮ್ಮಡಿ ರಾಜ ಒಡೆಯರು ಮರುವರ್ಷವೇ ತೀರಿಕೊಂಡರು. ದಳವಾಯಿ ವಿಕ್ರಮರಾಯನು ಅವರಿಗೆ ವಿಷವುಣಿಸಿದನೆಂಬುದು ಪರಂಪರೆಯ ಹೇಳಿಕೆ. ದಳವಾಯಿಯೆಂದರೆ ಸೇನೆಯ ಮುಖ್ಯಸ್ಥನಾಗಿದ್ದು ಆಡಳಿತದ ಮೇಲೂ ಹಿಡಿತವಿಟ್ಟುಕೊಂಡಿದ್ದ ಅಧಿಕಾರಿ. ಬಳಿಕ ತೆರಕಣಾಂಬಿಯಿಂದ ಬಂದು ಪಟ್ಟವೇರಿದ ಕಂಠೀರವ ನರಸರಾಜ ಒಡೆಯರು 1659ರವರೆಗೆ ಆಳಿದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ ಪ್ರಕಾರ, ವಿಕ್ರಮರಾಯನನ್ನು ಮುಗಿಸಿದವರು ಹೊಸ ಅರಸನಿಗೆ ನಿಷ್ಠರಾಗಿದ್ದ ಸೇವಕರು. ಅದು ನಡೆದದ್ದು ರಾತ್ರಿಯ ಕತ್ತಲಲ್ಲಿ. ಅರಸರು ಪಟ್ಟಕ್ಕೆ ಬರುವ ಮೊದಲು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಹೆಸರಾಂತ ಜಟ್ಟಿಯನ್ನು ಕೊಂದ ಕಥೆಯೂ ವಿಲ್ಕ್ಸ್‌ನಲ್ಲಿದೆ. ಕತ್ತಲಿನ ಕೊಲೆಗಿಂತ ಜಟ್ಟಿಯ ಕಾಳಗವೇ ಜನಮನದಲ್ಲಿ ಹೆಚ್ಚು ಉಳಿಯಿತು, ‘ರಣಧೀರ’ನೆಂಬ ಹೆಸರಿಗೆ ಹೊಂದುವುದೂ ಅದೇ.

ಆ ಅರಸರ ಕಾಲದ ಅರಮನೆ ಇಂದು ಉಳಿದಿಲ್ಲ. ಆದರೆ ಅದನ್ನು ಊಹಿಸಿಕೊಳ್ಳಲು ಎರಡು ಅಮೂಲ್ಯ ಸಾಕ್ಷ್ಯಗಳಿವೆ. ಗೋವಿಂದವೈದ್ಯನು 1648ರಲ್ಲಿ ರಚಿಸಿದ ‘ಕಂಠೀರವ ನರಸರಾಜ ವಿಜಯ’ವು ಹಾಡಿಕೊಂಡು ಓದಲು ಒಗ್ಗುವ ದೇಸಿ ಛಂದಸ್ಸಾದ ಸಾಂಗತ್ಯದಲ್ಲಿದ್ದು, ಪಟ್ಟಣವನ್ನೂ ಬಿಜಾಪುರದ ಸೇನೆಯೊಡನೆ ನಡೆದ ಯುದ್ಧವನ್ನೂ ನವರಾತ್ರಿಯ ಓಲಗವನ್ನೂ ವಿಸ್ತಾರವಾಗಿ ಬಣ್ಣಿಸುತ್ತದೆ. ಇನ್ನೊಂದು, ಅರಸರೇ ಕಟ್ಟಿಸಿದ ಶ್ರೀರಂಗಪಟ್ಟಣದ ನರಸಿಂಹಸ್ವಾಮಿ ದೇವಾಲಯದಲ್ಲಿ ಕೈಮುಗಿದು ನಿಂತಿರುವ ಅವರ ಶಿಲಾಮೂರ್ತಿ. ಪೀಠದಲ್ಲಿ ಹೆಸರು ಕೆತ್ತಿರುವುದರಿಂದ ಇದು ಯಾರದೆಂಬ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ. ಹದಿನೇಳನೆಯ ಶತಮಾನದ ಮೈಸೂರು ಅರಸನ ಉಡುಗೆ ತೊಡುಗೆಯನ್ನು ಅರಿಯಲು ಇದಕ್ಕಿಂತ ಹತ್ತಿರದ ಆಕರ ಸಿಗುವುದು ಕಷ್ಟ.

ಚಿತ್ರದ ಅರಮನೆಯ ಮೂಲವಾದರೋ ಬೇರೆಡೆ ಇದೆ. ಚಿತ್ರವನ್ನು ನಿರ್ಮಿಸಿದ್ದು ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಸೇರಿ ಕಟ್ಟಿಕೊಂಡಿದ್ದ ಕನ್ನಡ ಚಲನಚಿತ್ರ ಕಲಾವಿದರ ಸಂಘ. ಚಿತ್ರಗಳಲ್ಲಿ ಸಾಕಷ್ಟು ಕೆಲಸವಿಲ್ಲದಿದ್ದಾಗ ಊರೂರಿಗೆ ಹೋಗಿ ನಾಟಕವಾಡುತ್ತಿದ್ದ ಸಂಘವಿದು. ಈ ನಾಲ್ವರೂ ಪಳಗಿದ್ದು ವೃತ್ತಿನಾಟಕ ಕಂಪನಿಗಳಲ್ಲಿ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೇ ಗುಬ್ಬಿ ಕಂಪನಿಯ ನಟರು. ಸಿಂಹಾಸನದ ಎದುರು ನಡೆಯುವ ವಾಗ್ವಾದ, ದೀರ್ಘ ಸಂಭಾಷಣೆ, ಗಂಭೀರ ಪ್ರಸಂಗಗಳ ನಡುವೆ ಬರುವ ಹಾಸ್ಯ, ಇವೆಲ್ಲ ಕಂಪನಿ ನಾಟಕದ ದರ್ಬಾರು ಸೀನಿನ ಕ್ರಮಗಳೇ. ಮಂಡ್ಯ, ಮದ್ದೂರು, ಮಳವಳ್ಳಿಯ ಪ್ರೇಕ್ಷಕರಿಗೆ ಈ ಭಾಷೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಿರಲಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡಿ, ಬಾಡಿಗೆಯ ಸೀನರಿ ಕಟ್ಟಿ ‘ಕುರುಕ್ಷೇತ್ರ’ವನ್ನಾಡುವ ರೈತರ ಸೀಮೆಯಿದು, ದುರ್ಯೋಧನನ ಸಭೆಯಲ್ಲಿ ಕೇಳಿದ ಕಂಠಗಳ ಗತ್ತನ್ನೇ ಇಲ್ಲಿನವರು ಕಂಠೀರವನ ಸಭೆಯಲ್ಲೂ ಗುರುತಿಸಬಲ್ಲವರಾಗಿದ್ದರು. ಇದನ್ನು ಚಿತ್ರದ ಕೊರತೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ, ಏಕೆಂದರೆ ತಮ್ಮ ನೆಲದ ಇತಿಹಾಸವನ್ನು ಜನ ತಮಗೆ ಒಗ್ಗಿದ ಮಾತಿನಲ್ಲಿಯೇ ಕೇಳುವಂತಾದದ್ದು ಈ ದಾರಿಯಿಂದ.

ಆದರೂ ಇದರಿಂದ ಆದ ನಷ್ಟ ಸಣ್ಣದಲ್ಲ. ಶೌರ್ಯವನ್ನೇ ಮುಂದಿಡುವ ನಾಟಕದ ಕ್ರಮದಲ್ಲಿ, ಟಂಕಸಾಲೆ ಸ್ಥಾಪಿಸಿ ಕಂಠೀರಾಯ ಹಣವೆಂಬ ನಾಣ್ಯವನ್ನು ಚಲಾವಣೆಗೆ ತಂದ ಅರಸನಿಗಾಗಲಿ, ಕಾವೇರಿಯಿಂದ ಬಂಗಾರದೊಡ್ಡಿ ನಾಲೆ ತೆಗೆಸಿದವನೆಂದು ಹೆಸರಾದ ಅರಸನಿಗಾಗಲಿ ಹೆಚ್ಚು ಜಾಗ ದೊರೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ದಳವಾಯಿಯ ಅಧಿಕಾರವೆಂಬ ವ್ಯವಸ್ಥೆಯ ಬಿಕ್ಕಟ್ಟು ಒಬ್ಬ ವ್ಯಕ್ತಿಯ ದುಷ್ಟತನವಾಗಿ ಕುಗ್ಗುತ್ತದೆ. ವಿಕ್ರಮರಾಯನ ಸಾವಿನಿಂದ ಆ ಬಿಕ್ಕಟ್ಟು ಬಗೆಹರಿಯಲಿಲ್ಲ. ಸುಮಾರು ಒಂದು ಶತಮಾನದ ಬಳಿಕ, ಕಳಲೆ ಮನೆತನದ ದಳವಾಯಿ ದೇವರಾಜಯ್ಯನು ಏಳನೆಯ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ, ಮಳವಳ್ಳಿಯ ನೆರೆಯ ಕನಕಪುರ ಸೀಮೆಯ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟನು. ಅರಸರು 1734ರಲ್ಲಿ ಅಲ್ಲಿಯೇ ತೀರಿಕೊಂಡರು. ಮುಂದೆ ದಳವಾಯಿಗಳ ಕೈಯಲ್ಲಿದ್ದ ಅದೇ ಅಧಿಕಾರ 1761ರ ವೇಳೆಗೆ ಹೈದರಾಲಿಯ ವಶವಾಯಿತು.